ಎರವಲು ಮೂಗು

ಜ್ವರ ಬಂತು, ಹೋಯಿತು. ಹೋಗುವಾಗ
ಮೂಗಿನೊಳಗಿದ್ದುದನ್ನೆಲ್ಲ ಗುಡಿಸಿಕೊಂಡು ಹೋಯಿತು.
ಈಗ ಕಾಫಿ ಬರೀ ಬಿಸಿ, ಸೋಪು ಬರೀ ನುಣುಪು.
ಅಂತೊನೀನದ ಕೊಲ್ಲಿಯಲ್ಲಿ ನೀರಿಳಿದು ಕೆಸರು ತೆರೆದಾಗ
ಊರೆಲ್ಲ ಮೂಗು ಮುಚ್ಚಿಕೊಂಡರೆ
ನಾನೊಬ್ಬಳೇ ಕಿಟಕಿ ತೆಗೆದು ನಿಲ್ಲುವವಳು.

ಯಾರಿಗೂ ಹೇಳಿಲ್ಲ.
ಹೇಳಿದರೆ ದಾಲ್ವಾ ಸೌಟು ಕಸಿದುಕೊಳ್ಳುತ್ತಾಳೆ.
ಮಗಳೇ, ಒಳ್ಳೆಯವಳೇ, ಆದರೆ
ಜೀರಿಗೆಯನ್ನು ಮಾತ್ರೆಯ ಹಾಗೆ ಎಣಿಸಿ ಹಾಕುವ ಕೈ ಅದು.

ಕಾರ್ನಿವಲ್ ಭಾನುವಾರದ ಊಟಕ್ಕೆ ಹದಿನಾಲ್ಕು ಜನ.
ಐದು ಕಿಲೋ ದನದ ಮಾಂಸ, ಭುಜದ್ದು, ಮೀನಖಂಡದ್ದು.
"ಮೆತ್ತಗಿರೋದು ಕೊಡಲಾ, ದೋನಾ ಜೊರೈಡೆ?"
ಅಂದ ಅಂಗಡಿಯ ಅದೆಮಾರ್.
ಮೆತ್ತಗಿರೋದಕ್ಕೆ ನಾನ್ಯಾಕಪ್ಪ ಬೇಕು,
ಗಟ್ಟಿಯದೇ ಕೊಡು, ನನ್ನ ಹತ್ತಿರ ಇಡೀ ರಾತ್ರಿ ಇದೆ ಅಂದೆ.

ಮಡಕೆಯ ತಳಕ್ಕೆ ಹಂದಿಕೊಬ್ಬಿನ ಹಾಸು,
ಅದರ ಮೇಲೆ ಮಾಂಸ, ಈರುಳ್ಳಿ, ಬೆಳ್ಳುಳ್ಳಿ,
ಜೀರಿಗೆ, ಎರಡು ಪಲಾವ್ ಎಲೆ, ಮತ್ತೆ ಮಾಂಸ,
ಪೆಟ್ಟಿಗೆಯಲ್ಲಿ ಕಂಬಳಿ ಮಡಿಸಿಟ್ಟ ಹಾಗೆ.
ಮರಗೆಣಸಿನ ಹಿಟ್ಟಿಗೆ ಒಲೆಯ ಬೂದಿ ಬೆರೆಸಿ, ಬಿಸಿನೀರಲ್ಲಿ ಕಲಸಿ
ಮುಚ್ಚಳದ ಸುತ್ತ ಮೆತ್ತಿದೆ.
ಇನ್ನು ತೆರೆಯುವ ಹಾಗಿಲ್ಲ, ಚೂರು ಕಿತ್ತು ನೋಡುವ ಹಾಗಿಲ್ಲ,
ಉಪ್ಪು ಕಮ್ಮಿಯಾದರೆ ಕಮ್ಮಿಯೇ.
ಮೂಗೊಂದೇ ಗತಿ.
ಮೂಗಿಲ್ಲ.

ಅದಕ್ಕೇ ಇಬೆರೆಯನ್ನು ಒಲೆಯ ಮುಂದೆ ಕೂರಿಸಿಕೊಂಡದ್ದು.
ದಾಲ್ವಾಳ ಮಗ, ಏಳು ವರ್ಷ, ಮುಂದಿನ ಹಲ್ಲೆರಡು ಬಿದ್ದಿವೆ.
ಒಬ್ಬಳಿಗೆ ಮೂಗಿಲ್ಲ, ಒಬ್ಬನಿಗೆ ಹಲ್ಲಿಲ್ಲ,
ಇಬ್ಬರೂ ಸೇರಿದರೆ ಹೆಚ್ಚುಕಮ್ಮಿ ಒಬ್ಬ ಅಡುಗೆಯವಳು.

ಹತ್ತು ಗಂಟೆ. ಏನು ವಾಸನೆ ಬರ್ತಿದೆಯೋ?
"ನೆನೆದ ನಾಯಿ."
ಸರಿ, ಇನ್ನೂ ಹಸಿ.
ಹನ್ನೆರಡು. ಈಗ?
"ವಾಲ್ದೊ ಮಾವನ ಬೆಲ್ಟು."
ಕೊಬ್ಬು ಕರಗುತ್ತಿದೆ. ಒಂದು ಕೊಳ್ಳಿ ಹೊರಗೆಳೆದೆ.
ಎರಡು ಗಂಟೆ. ಹಬೆ ಸೋರುವ ಬಿರುಕಿಗೆ
ಇನ್ನಷ್ಟು ಹಿಟ್ಟು ಒತ್ತುತ್ತ ಕೇಳಿದೆ, ಈಗ?
ಹುಡುಗ ಬಹಳ ಹೊತ್ತು ಮೂಸಿದ.
"ಅಜ್ಜಿ, ನಿನ್ನದೇ ವಾಸನೆ. ಮೊದಲಿಂದು."

ಮೊದಲಿಂದು ಅಂದರೆ?
"ಈಗ ನೀನು ಬರೀ ಸೋಪು."

ಹೌದು. ಜ್ವರ ಬಿಟ್ಟ ಮೇಲೆ ದಿನಕ್ಕೆ ಮೂರು ಸಲ ಮೀಯುತ್ತೇನೆ,
ನನಗೆ ತಿಳಿಯದ ನನ್ನ ನಾತ
ಮಿಕ್ಕವರಿಗೆ ತಿಳಿಯದಿರಲೆಂದು.
ನಿನಗೆ ಗೊತ್ತಿತ್ತೇನೋ?
"ಹೂಂ. ಹಾಲು ಸೀದು ಹೋಗ್ತಿತ್ತು, ನೀನು ಹಾಡ್ತಾ ಇದ್ದೆ."

ಅಷ್ಟು ಹೇಳಿ ಸೌದೆ ರಾಶಿಗೆ ಒರಗಿ ನಿದ್ದೆ ಹೋದ.
ನಾನು ಮಡಕೆಯ ಹತ್ತಿರಕ್ಕೆ ಕಿವಿ ಒಯ್ದೆ.
ಕತ್ತಲಾಗುವಾಗ ಜಗಳವಾಡುತ್ತಿದ್ದದ್ದು
ಈಗ ತುಟಿ ಮಾತ್ರ ಅಲ್ಲಾಡಿಸುವ ಸದ್ದು.
ಬೆಳಗಿನವರೆಗೆ ಅದನ್ನೇ ನಂಬಿ ಕೂತೆ.

ಮಧ್ಯಾಹ್ನ ಅಳಿಯ ಎಡ್ಮಿಲ್ಸನ್ ಚಾಕುವಿನ ಹಿಂಬದಿಯಿಂದ
ಒಣಗಿದ ಹಿಟ್ಟನ್ನು ತಟ್ಟಿ ಒಡೆದ.
ಎಲ್ಲರೂ ಮಡಕೆ ನೋಡಿದರು, ನಾನು ಅವರ ಮುಖ ನೋಡಿದೆ.
ತಂಗಿ ನಾಯಿರ್ ಕಣ್ಣು ಮುಚ್ಚಿದಳು.
ಮಾತಿನ ಮಧ್ಯದಲ್ಲಿದ್ದ ವಾಲ್ದೊ
ಏನು ಹೇಳಹೊರಟಿದ್ದನೆಂಬುದನ್ನೇ ಮರೆತ.
ಎಳೆ ಎಳೆ ಬಿಟ್ಟಿತ್ತು ಮಾಂಸ, ಸೌಟು ತಾಗಿದರೆ ಸಾಕು.
"ಉಪ್ಪು ಚೂರು ಮುಂದು," ಅಂದಳು ದಾಲ್ವಾ,
ಎರಡನೇ ಸಲ ಬಡಿಸಿಕೊಳ್ಳುತ್ತ.

ಕುದಿಯುವ ರಸ ಸುರಿದು ಮರಗೆಣಸಿನ ಹಿಟ್ಟು ಗೊಟಾಯಿಸಿ,
ತಟ್ಟೆಯನ್ನು ತಲೆಯ ಮೇಲೆ ಬೋರಲು ಹಿಡಿಯಬೇಕು,
ಬೀಳದಿದ್ದರೆ ಹದ ಬಂದಂತೆ. ನಮ್ಮ ಕಡೆಯ ಪರೀಕ್ಷೆ.
ತುಸು ಆರಿದ ಮೇಲೆ ನಾನೇ ಹಿಡಿದೆ.
ನಿಂತಿತು. ನಿಂತಿತು.
ಆಮೇಲೆ ಒಂದು ಮುದ್ದೆ, ಅಡಕೆಯಷ್ಟು,
ಕಳಚಿ ನನ್ನ ಕೂದಲಿಗೆ ಬಿತ್ತು.

ಮೇಜು ಗೊಳ್ಳೆಂದು ನಕ್ಕಿತು.
ಇಬೆರೆ ಕುರ್ಚಿಯ ಮೇಲೆ ಹತ್ತಿ ನಿಂತು
ನನ್ನ ನೆತ್ತಿ ಮೂಸಿದ, ಯಾರಿಗೂ ಕೇಳದಂತೆ ಅಂದ:
"ಈಗ ಸರಿಯಾಯ್ತು."

ಒರೆಸಲು ದಾಲ್ವಾ ಒದ್ದೆ ಬಟ್ಟೆ ತಂದಳು.
ಇರಲಿ ಬಿಡೇ, ಊಟ ಮುಗಿಯುವವರೆಗೆ ಇರಲಿ ಅಂದೆ.
ನೀನು ಬಾಳೆಹಣ್ಣು ಹೆಚ್ಚು.